ವಾಪಸ್ ಕಳಿಸಿದ ಕೇಕು, ನೇರಳೆ ಹಣ್ಣಿನ ಪಾಠ

ಕಳೆದ ವರ್ಷ ಜೂನ್ ತಿಂಗಳಲ್ಲಿ ನಡೆದದ್ದು. ಬೆಳಗ್ಗಿನ ಮದ್ರಸ ಬಿಡುವ ಹೊತ್ತು. ಕುರ್‌ಆನ್ ಓದಿ ಖತಂ ಮಾಡಿದ್ದ ಹುಡುಗಿಯೊಬ್ಬಳು ದೊಡ್ಡ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಖತಂ ಆದ ಮಕ್ಕಳು ಚೀರ್ನಿ ತರುವುದು ನಮ್ಮಲ್ಲಿ ಹೊಸದೇನಲ್ಲ. ಖರ್ಜೂರ ತರುತ್ತಾರೆ, ಮಿಠಾಯಿ ತರುತ್ತಾರೆ, ಕೆಲವರು ಬಾಳೆಹಣ್ಣಿನ ಗೊನೆಯನ್ನೇ ಹೊತ್ತು ತರುತ್ತಾರೆ. ಈಕೆ ಮುಚ್ಚಳ ತೆಗೆದಾಗ ಒಳಗಿದ್ದದ್ದು ಚಾಕೊಲೇಟ್ ಕೇಕು. ನಾಲ್ಕು ಪದರ, ಪದರದ ನಡುವೆ ಕಡು ನೇರಳೆ ಬಣ್ಣದ ಜಾಮಿನಂಥ ಏನೋ ಒಂದು.

ನಾನು ಏನೂ ಕೇಳಲಿಲ್ಲ. "ಇದರಲ್ಲಿ ಏನೇನು ಹಾಕಿರ್ತಾರೋ ಯಾರಿಗೆ ಗೊತ್ತು? ಕೆಲವು ಕಡೆ ರಮ್ ಹಾಕ್ತಾರೆ, ಜೆಲಾಟಿನ್ ಹಾಕ್ತಾರೆ. ಗೊತ್ತಿಲ್ಲದ್ದನ್ನು ಮದ್ರಸದಲ್ಲಿ ಹಂಚೋದು ಬೇಡ. ಮನೆಗೆ ತೆಗೊಂಡು ಹೋಗು ಮಗಳೇ" ಎಂದೆ. ಅವಳು ಮಾತಾಡದೆ ಮುಚ್ಚಳ ಹಾಕಿ ಹೋದಳು. ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮಗಳು ತಟ್ಟೆ ನೋಡಿಕೊಂಡೇ ಹೇಳಿದಳು: "ಉಪ್ಪ, ಅದು ಬೇಕರಿದಲ್ಲ. ಅವಳ ಉಮ್ಮ ಮನೆಯಲ್ಲೇ ಮಾಡಿದ್ದು. ನಡುವೆ ಇದ್ದದ್ದು ನೇರಳೆ ಹಣ್ಣು. ನಾವೇ ಎಲ್ಲರೂ ಸೇರಿ ಹೆಕ್ಕಿ ಕೊಟ್ಟದ್ದು."

ಅನ್ನ ಗಂಟಲಲ್ಲೇ ನಿಂತಿತು. ಸುದ್ದಿ ಬಂದರೆ ಮೊದಲು ಪರಿಶೀಲಿಸಬೇಕು, ಸುಮ್ಮನೆ ಸಂಶಯಪಡಬಾರದು ಎಂದು ಅಲ್ ಹುಜುರಾತ್ ಸೂರಾದ ಪಾಠ ಮಾಡುವಾಗ ಮಕ್ಕಳಿಗೆ ಹೇಳುವವನು ನಾನೇ. ಆ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದು ಸರಿಯಾಗಿ ಅದರ ಉಲ್ಟಾ.

ಸಂಜೆ ಮನೆಯವಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಅಷ್ಟರಲ್ಲೇ ಮಾತು ಊರು ತುಂಬಿತ್ತು. ಹುಡುಗಿಯ ತಂದೆ ಗಲ್ಫಿನಲ್ಲಿದ್ದಾರೆ, ಕೆಲವು ತಿಂಗಳಿಂದ ಸಂಬಳ ಸರಿಯಾಗಿ ಬರುತ್ತಿಲ್ಲ. ತಾಯಿ ಬಟ್ಟೆ ಹೊಲಿಯುತ್ತಾರೆ. ಒಂದು ವರ್ಷದಿಂದ ನಿಶ್ಚಿತಾರ್ಥಕ್ಕೆ, ಮಕ್ಕಳ ಪರೀಕ್ಷೆ ಪಾಸಾದದ್ದಕ್ಕೆ ಎಂದು ಕೇಕು ಮಾಡಿ ಕೊಡುತ್ತಾ ಬಂದಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನೆಂಟರಿರುವುದರಿಂದ ಆರ್ಡರು ಬರುತ್ತಿತ್ತು. "ಉಸ್ತಾದ್ ಬೇಡ ಅಂದ ಕೇಕು" ಎಂಬ ಮಾತು ಹಬ್ಬಿ ಆ ದಿನವೇ ಎರಡು ಆರ್ಡರು ಹೋಗಿತ್ತು.

ನಾನು ಮಾಫ್ ಕೇಳಿದೆ. ಅವರು ಬಾಗಿಲ ಮರೆಯಲ್ಲಿ ನಿಂತು ಒಂದೇ ಮಾತು ಹೇಳಿದರು: "ಉಸ್ತಾದರೇ, ನೀವು ಕೇಳಿದ್ದರೆ ಅವಳೇ ಹೇಳುತ್ತಿದ್ದಳು."

ಶೆಲ್ಫಿನ ಮೇಲೆ ಇದ್ದದ್ದು

ನನ್ನ ಮನೆಯವಳನ್ನು ಅವರು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದೊಂದೇ ಪೊಟ್ಟಣ ತೋರಿಸಿದರು. ಮೈದಾ, ಸಕ್ಕರೆ, ಕೊಕ್ಕೊ ಪುಡಿ, ಅಡುಗೆ ಸೋಡಾ, ಬೇಕಿಂಗ್ ಪೌಡರ್, ಎಣ್ಣೆ, ಮೊಟ್ಟೆ, ಮಜ್ಜಿಗೆ. ವೆನಿಲ್ಲಾ ಎಸೆನ್ಸ್ ಇರಲಿಲ್ಲ. ಅದರ ಜಾಗದಲ್ಲಿ ಕಾಫಿ ಡಿಕಾಕ್ಷನ್, ಏಲಕ್ಕಿ. ಬಣ್ಣ ಇರಲಿಲ್ಲ, ಬಣ್ಣ ನೇರಳೆ ಹಣ್ಣಿನದ್ದೇ.

ನಮ್ಮ ಮನೆಗಳಲ್ಲಿ ಈ ವಿಷಯದಲ್ಲಿ ಇರುವ ಗೊಂದಲವನ್ನು ಇಲ್ಲೇ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಪೊಟ್ಟಣದ ಆಹಾರದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರಿ. ಹಾಲು, ಜೇನಿನಂಥವು ಬಿಟ್ಟರೆ ಪ್ರಾಣಿಮೂಲದ ವಸ್ತು ಅದರಲ್ಲಿ ಇರುವಂತಿಲ್ಲ. ಅಂದರೆ ಹಸಿರು ಚುಕ್ಕೆಯ ಕ್ರೀಮಿನಲ್ಲಿ, ಚಾಕೊಲೇಟಿನಲ್ಲಿ ಜೆಲಾಟಿನ್ ಇರುವುದಿಲ್ಲ. 471 ಎಂದು ಬರೆದಿರುವ ಎಮಲ್ಸಿಫೈಯರ್ ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ, ಗಿಡದ ಎಣ್ಣೆಯಿಂದಲೂ ಆಗುತ್ತದೆ. ಹಸಿರು ಚುಕ್ಕೆಯ ಪೊಟ್ಟಣದಲ್ಲಾದರೆ ಅದು ಗಿಡದ್ದು. 120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆಯುವಂಥದ್ದು. ಅದೂ ಹಸಿರು ಚುಕ್ಕೆಯ ಕೆಳಗೆ ಬರುವಂತಿಲ್ಲ.

ಆದರೆ ಹಸಿರು ಚುಕ್ಕೆ ನೋಡಿದ ಕೂಡಲೇ ಎಲ್ಲ ಸರಿ ಎಂದುಕೊಳ್ಳಬೇಡಿ. ಆಲ್ಕೋಹಾಲ್ ಪ್ರಾಣಿಮೂಲದ್ದಲ್ಲ. ಹಾಗಾಗಿ ಆ ಚುಕ್ಕೆ ಅದರ ಬಗ್ಗೆ ಏನೂ ಹೇಳುವುದಿಲ್ಲ. ನಿಜವಾದ ವೆನಿಲ್ಲಾ ಸಾರವನ್ನು ಆಲ್ಕೋಹಾಲಿನಲ್ಲೇ ಇಳಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿಗಳಲ್ಲಿ ಕೆಲವಕ್ಕೆ ಬೇರೆ ದ್ರಾವಣ ಬಳಸಿರುತ್ತಾರೆ, ಕೆಲವಕ್ಕೆ ಇದೇ. ಹಿಂದೆ ಬರೆದಿರುವ ಪಟ್ಟಿ ಓದಿಯೇ ತಿಳಿಯಬೇಕು. ಹಾಗೆಯೇ ಬ್ಲ್ಯಾಕ್ ಫಾರೆಸ್ಟ್ ಎಂದು ನಾವು ಕರೆಯುವ ಕೇಕು ಜರ್ಮನಿಯಿಂದ ಬಂದದ್ದು. ಅಲ್ಲಿ ಚೆರ್ರಿ ಹಣ್ಣಿನ ಮದ್ಯ ಅದರ ಒಂದು ಅಂಗ. ನಮ್ಮ ಸಣ್ಣ ಊರಿನ ಬೇಕರಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಪಾಕ ಸುರಿಯುತ್ತಾರೆ. ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ಇದರ ಉಲ್ಟಾ ತಪ್ಪೂ ಆಗುತ್ತದೆ. ಮೊಟ್ಟೆ ಹಾಕಿದ ಕೇಕಿನ ಪೊಟ್ಟಣಕ್ಕೆ ಕಂದು ಬಣ್ಣದ ಗುರುತು ಬೀಳುತ್ತದೆ. ಅದನ್ನು ನೋಡಿ "ಇದು ನಮಗಾಗದು" ಎಂದು ಬಿಟ್ಟವರನ್ನು ಕಂಡಿದ್ದೇನೆ. ಮೊಟ್ಟೆಯಲ್ಲಿ ನಮಗೇನು ತಕರಾರು? ಗುರುತನ್ನೂ ನೋಡಬೇಕು, ಪಟ್ಟಿಯನ್ನೂ ಓದಬೇಕು. ಎಸೆನ್ಸಿನ ಬಗ್ಗೆ ಪಂಡಿತರಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ. ಫತ್ವಾ ಕೊಡುವುದು ನನ್ನಂಥವನ ಕೆಲಸವಲ್ಲ, ನಿಮ್ಮ ಖತೀಬರನ್ನು ಕೇಳಿ. ಆ ತಾಯಿ ಹೇಳಿದ್ದು ಇಷ್ಟೇ: "ಇಲ್ಲದೆಯೂ ಆಗುತ್ತದೆ ಅಂದಮೇಲೆ ಯಾಕೆ ಹಾಕಬೇಕು?"

ಪುತ್ತೂರಿನ ಕೊಕ್ಕೊ, ಗಿರಿಯ ಕಾಫಿ, ದಾರಿಬದಿಯ ನೇರಳೆ

ಕೇಕು ಎಂದರೆ ದೂರದ್ದು, ಪರಕೀಯರದ್ದು ಎಂದು ನಾನು ತಿಳಿದಿದ್ದೆ. ಆ ಶೆಲ್ಫು ನೋಡಿ ಬಂದ ಮನೆಯವಳ ಮಾತು ಕೇಳಿದಮೇಲೆ ಅದು ನಮ್ಮ ನೆಲದ್ದೇ ಎನಿಸಿತು.

ಕೊಕ್ಕೊ ನಮ್ಮ ಕರಾವಳಿಯ ಅಡಿಕೆ ತೋಟಗಳ ನೆರಳಲ್ಲಿ ಬೆಳೆಯುವ ಮರ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ, ಕೊಕ್ಕೊಗೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದ ಕಾಲದಲ್ಲಿ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಘಟ್ಟದ ಕೆಳಗಿಂದ ಮೇಲೆ ಬಂದು ನೆಲೆಸಿದ ನಮ್ಮಂಥ ಬ್ಯಾರಿ ಮನೆಗಳಿಗೆ ಪುತ್ತೂರು ದೂರವೇ? ರಜೆಗೆ ಊರಿಗೆ ಹೋದವರು ಅಲ್ಲಿಂದ ಕೊಕ್ಕೊ ಪುಡಿ ತರಬಹುದು.

ಕಾಫಿಯ ಮಾತು ಹೇಳಬೇಕೇ? ಹಜ್‌ಗೆ ಹೋದ ಬಾಬಾಬುಡನ್ ಅವರು ಯೆಮನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ತರೀಕೆರೆಯವರಿಗೆ ಕೆಮ್ಮಣ್ಣುಗುಂಡಿ ಇರುವುದೂ ಅದೇ ಗಿರಿಸಾಲಿನಲ್ಲಿ. ಬಿಸಿ ಡಿಕಾಕ್ಷನ್ ಕೊಕ್ಕೊ ಪುಡಿಗೆ ಬಿದ್ದರೆ ಚಾಕೊಲೇಟಿನ ರುಚಿ ಗಾಢವಾಗುತ್ತದೆ. ತಿನ್ನುವವರಿಗೆ ಕಾಫಿ ಎಂದು ಗೊತ್ತಾಗುವುದೂ ಇಲ್ಲ.

ಇನ್ನು ಬೆರಿ ಹಣ್ಣು. ಸ್ಟ್ರಾಬೆರಿ, ಬ್ಲೂಬೆರಿ ಎಂದು ದುಡ್ಡು ಸುರಿಯುವ ಮೊದಲು ಒಂದು ವಿಷಯ ಕೇಳಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ಬೆರಿಯೇ ಅಲ್ಲ. ನಮ್ಮ ನೇರಳೆ ಹಣ್ಣು ಬೆರಿ! "ಬ್ಯಾರಿ ಮನೆಯಲ್ಲಿ ಬೆರಿಗೆ ಬರವೇ?" ಎಂದು ನನ್ನ ಮಗಳು ತಮಾಷೆ ಮಾಡುತ್ತಾಳೆ. ಮೇ ಕೊನೆಯಿಂದ ಜುಲೈವರೆಗೆ ನೇರಳೆ ಸಿಗುತ್ತದೆ. ಅದೇ ಕಾಲಕ್ಕೆ ಕುರುಚಲು ಗುಡ್ಡಗಳಲ್ಲಿ ಕವಳೆ ಹಣ್ಣು. ರೇಷ್ಮೆ ಹುಳು ಸಾಕುವ ರೈತರ ಹೊಲದಲ್ಲಿ ಹಣ್ಣಾದ ಹಿಪ್ಪುನೇರಳೆ ಸಿಕ್ಕರೆ ಅದೂ ಆಗುತ್ತದೆ. ಆದರೆ ಸೊಪ್ಪಿಗೆ ಔಷಧಿ ಹೊಡೆದಿದ್ದಾರೆಯೇ ಎಂದು ಕೇಳಿ ತನ್ನಿ. ಚಳಿಗಾಲದಲ್ಲಿ ಬೇಕೆಂದರೆ ಸ್ಟ್ರಾಬೆರಿ.

ಒಲೆಯ ವಿಷಯದಲ್ಲೂ ನಾವು ಹೊಸಬರಲ್ಲ. ಮಾಗಿದ ಬಾಳೆಹಣ್ಣು, ಮೊಟ್ಟೆ, ತುಪ್ಪ, ಏಲಕ್ಕಿ ಸೇರಿಸಿ, ಪಾತ್ರೆಯ ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುವ ಕಾಯ್‌ಪೋಲ ಮಲಬಾರಿನ ಮುಸ್ಲಿಂ ಮನೆಗಳ ತಿಂಡಿ. ಅದೇ ಮಲಬಾರಿನ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬವರು 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ಮಾಲೀಕನಿಗಾಗಿ ಕೇಕು ಬೇಯಿಸಿದರು, ನಮ್ಮ ದೇಶದವರು ಮಾಡಿದ ಮೊದಲ ಕೇಕು ಅದೇ ಎಂದು ಹೇಳುತ್ತಾರೆ. ಈ ಕಡೆ ಹಾಸನದಿಂದ ಹೋದ ಅಯ್ಯಂಗಾರರು ಬೆಂಗಳೂರಿನಲ್ಲಿ 1898ರಲ್ಲಿ ಬೇಕರಿ ಹಾಕಿದರು. ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಇವತ್ತು ಯಾವ ಊರಿನಲ್ಲಿಲ್ಲ? ಅಲ್ಲಿಯ ಹನಿ ಕೇಕಿನ ಮೇಲಿನ ಕೆಂಪು ಜಾಮು ತಿಂದು ಬೆಳೆದವರೇ ನಾವೆಲ್ಲ.

ನಮ್ಮ ಮನೆಯ ಪರೀಕ್ಷೆ

ಆ ತಾಯಿ ಅಳತೆ ಬರೆದು ಕೊಟ್ಟರು. ಮುಂದಿನ ಆದಿತ್ಯವಾರ ನಮ್ಮ ಮನೆಯಲ್ಲೇ ಮಾಡಿದೆವು. ನಾನೂ ಜರಡಿ ಹಿಡಿದೆ. ಏಳು ಇಂಚಿನ ಎರಡು ಟಿನ್ನುಗಳಿಗೆ ಬೇಕಾದದ್ದು ಇಷ್ಟು:

ಮೈದಾ 200 ಗ್ರಾಂ, ಕೊಕ್ಕೊ ಪುಡಿ 50 ಗ್ರಾಂ, ಸಕ್ಕರೆ 260 ಗ್ರಾಂ, ಅಡುಗೆ ಸೋಡಾ 1 ಟೀ ಚಮಚ, ಬೇಕಿಂಗ್ ಪೌಡರ್ 1 ಟೀ ಚಮಚ, ಉಪ್ಪು ಎರಡು ಚಿಟಿಕೆ, ಏಲಕ್ಕಿ ಪುಡಿ ಸ್ವಲ್ಪ. ಮೊಟ್ಟೆ 2, ಮಜ್ಜಿಗೆ 180 ಮಿಲಿ, ವಾಸನೆ ಇಲ್ಲದ ಅಡುಗೆ ಎಣ್ಣೆ 120 ಮಿಲಿ, ಹಾಲು ಸೇರಿಸದ ಬಿಸಿ ಕಾಫಿ 180 ಮಿಲಿ.

ನಮ್ಮಲ್ಲಿ ಓವನ್ ಇಲ್ಲ. ಹಳೆಯ ಕುಕ್ಕರಿನ ತಳಕ್ಕೆ ಎರಡು ಲೋಟ ಕಲ್ಲುಪ್ಪು ಹಾಸಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದು ಹತ್ತು ನಿಮಿಷ ಬಿಸಿ ಮಾಡಿದೆವು. ನೀರು ಹಾಕಬಾರದು. ಹಿಟ್ಟನ್ನೆಲ್ಲ ಒಟ್ಟಿಗೆ ಕಲಸಿ ಎರಡು ಟಿನ್ನಿಗೆ ಸುರಿದೆವು. ಕುಕ್ಕರಿನಲ್ಲಿ ಹಿಡಿಯುವುದು ಒಂದೇ ಟಿನ್ನು. ಇನ್ನೊಂದನ್ನು ಪಕ್ಕಕ್ಕೆ ಇಟ್ಟೆವು.

ಮೊದಲನೆಯದು ಚೆನ್ನಾಗಿ ಉಬ್ಬಿತು. ಮುಕ್ಕಾಲು ಗಂಟೆ ಕಾದು ಕೂತಿದ್ದ ಎರಡನೆಯದು ಮಾತ್ರ ಚಪ್ಪಟೆ, ನಡುವೆ ಗುಳಿ, ತಿಂದರೆ ಹಲ್ವದ ಹಾಗೆ. ಮನೆಯವಳು ನನ್ನ ಮುಖ ನೋಡಿದಳು. "ಹಿಟ್ಟು ಒಂದೇ, ಟಿನ್ನು ಒಂದೇ. ಇದಕ್ಕೇನಾಯ್ತು?"

ಉತ್ತರ ಹೇಳಿದ್ದು ಆ ಹುಡುಗಿಯ ತಾಯಿಯೇ. ಮಜ್ಜಿಗೆಯೂ ಕೊಕ್ಕೊವೂ ಹುಳಿ ಗುಣದವು. ಸೋಡಾ ತಾಗಿದ ಕ್ಷಣದಿಂದಲೇ ಗಾಳಿಗುಳ್ಳೆ ಏಳಲು ಶುರು. ಒಲೆಗೆ ಹೋಗುವ ಹೊತ್ತಿಗೆ ಆ ಗಾಳಿಯೆಲ್ಲ ಹೊರಗೆ ಹೋಗಿದ್ದರೆ ಕೇಕನ್ನು ಎತ್ತುವುದು ಯಾವುದು? ಹಾಗಾಗಿ ಒಂದೇ ಕುಕ್ಕರ್ ಇರುವವರು ಒಣ ಸಾಮಾನನ್ನು ಮೊದಲೇ ಜರಡಿ ಹಿಡಿದು ಎರಡು ಪಾಲು ಮಾಡಿಡಬೇಕು. ಒಂದು ಪಾಲಿಗೆ ಒಂದು ಮೊಟ್ಟೆ, 90 ಮಿಲಿ ಮಜ್ಜಿಗೆ, 60 ಮಿಲಿ ಎಣ್ಣೆ ಕಲಸಿ, ಕೊನೆಗೆ 90 ಮಿಲಿ ಬಿಸಿ ಕಾಫಿಯನ್ನು ಕದಡುತ್ತಾ ಸುರಿಯಬೇಕು. ಹಿಟ್ಟು ನೀರು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುತ್ತದೆ. ತೆಳುವಾಯ್ತೆಂದು ಮೈದಾ ಸೇರಿಸಬೇಡಿ. ಎಣ್ಣೆ ಸವರಿ ಬಟರ್ ಪೇಪರ್ ಹಾಸಿದ ಟಿನ್ನಿಗೆ ಹಾಕಿ ಕೂಡಲೇ ಒಲೆಗೆ. ಮೊದಲನೆಯದು ಹೊರಗೆ ಬಂದ ಮೇಲೆ ಎರಡನೇ ಪಾಲಿಗೆ ನೀರಂಶ ಸೇರಿಸುವುದು. ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ. ಓವನ್ ಇದ್ದವರು 175 ಡಿಗ್ರಿಯಲ್ಲಿ ಎರಡನ್ನೂ ಒಟ್ಟಿಗೆ 30ರಿಂದ 35 ನಿಮಿಷ. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟಬಾರದು. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ಇಣುಕಬೇಡಿ.

ಹಣ್ಣಿನ ಪದರ

ನೇರಳೆ ಅರ್ಧ ಕಿಲೋ. ತೊಳೆದು, ಕೈಯಲ್ಲೇ ಹಿಸುಕಿ ಬೀಜ ತೆಗೆಯಿರಿ. ಮಕ್ಕಳಿಗೆ ಇದು ಬಹಳ ಇಷ್ಟದ ಕೆಲಸ. ಅಂಗಿ ಮಾತ್ರ ಹಳೆಯದು ಹಾಕಿಸಿ, ಕಲೆ ಹೋಗುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ 120 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಸೇರಿಸಿ ಕುದಿಸಿ. ಕಬ್ಬಿಣದ ಬಾಣಲೆ ಬೇಡ, ನೇರಳೆಯ ಒಗರು ಕಬ್ಬಿಣಕ್ಕೆ ತಾಗಿದರೆ ಬಣ್ಣ ಕಪ್ಪಾಗುತ್ತದೆ. ಐದಾರು ನಿಮಿಷ ಕುದಿದ ಮೇಲೆ ಒಂದು ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ ಸೇರಿಸಿ. ಸೌಟು ಎಳೆದರೆ ತಳದಲ್ಲಿ ದಾರಿ ಕಾಣಬೇಕು, ಅದೇ ಹದ. ಇಳಿಸಿ ಅರ್ಧ ನಿಂಬೆಹಣ್ಣು ಹಿಂಡಿ ಪೂರ್ತಿ ಆರಿಸಿ. ಜೆಲಾಟಿನ್ ಮಾಡುವ ಕೆಲಸವನ್ನು ಇಲ್ಲಿ ಕಾರ್ನ್‌ಫ್ಲೋರೇ ಮಾಡುತ್ತದೆ.

ಮೇಲಿನ ಲೇಪಕ್ಕೆ 300 ಗ್ರಾಂ ಕಡು ಚಾಕೊಲೇಟ್, 150 ಮಿಲಿ ಫ್ರೆಶ್ ಕ್ರೀಂ. ಕ್ರೀಮನ್ನು ಬಿಸಿ ಮಾಡಿ (ಕುದಿಸಬೇಡಿ) ಚೂರು ಮಾಡಿದ ಚಾಕೊಲೇಟಿನ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಕಲಸಿ. ತಣಿದಾಗ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕಾಂಪೌಂಡ್ ಎಂದು ಸಿಗುವುದರಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಗಿಡದ ಕೊಬ್ಬು ಇರುತ್ತದೆ. ಅದರಿಂದಲೂ ಆಗುತ್ತದೆ, ರುಚಿ ಸ್ವಲ್ಪ ಕಮ್ಮಿ.

ಕೇಕು ಪೂರ್ತಿ ಆರಿದ ಮೇಲೆಯೇ ಪದರ ಕತ್ತರಿಸಬೇಕು. ಆ ತಾಯಿ ಚಾಕು ಬಳಸುವುದಿಲ್ಲ. ಹೊಲಿಗೆಯ ದಾರವನ್ನು ಕೇಕಿನ ಸುತ್ತ ನಡುವಿಗೆ ಸುತ್ತಿ ಎರಡೂ ತುದಿ ಎಳೆಯುತ್ತಾರೆ. ನೂಲು ಹಿಡಿದಷ್ಟೇ ನೇರವಾಗಿ ಎರಡು ಹೋಳು. ಹೀಗೆ ಎರಡು ಕೇಕಿನಿಂದ ನಾಲ್ಕು ಪದರ. ಪ್ರತಿ ಪದರದ ಮೇಲೆ ಮೊದಲು ತೆಳ್ಳಗೆ ಚಾಕೊಲೇಟ್ ಲೇಪ ಸವರಿದರೆ ಹಣ್ಣಿನ ರಸ ಕೇಕಿಗೆ ಇಳಿದು ಅದು ಒದ್ದೆಯಾಗುವುದಿಲ್ಲ. ಅಂಚಿಗೆ ಸುತ್ತಲೂ ಲೇಪದ ಸಣ್ಣ ಕಟ್ಟೆ ಕಟ್ಟಿ, ಒಳಗೆ ನೇರಳೆ ತುಂಬಿ, ಮುಂದಿನ ಪದರ ಇಡಿ. ಕಟ್ಟೆ ಇಲ್ಲದಿದ್ದರೆ ಭಾರಕ್ಕೆ ಹಣ್ಣು ಹೊರಗೆ ಬರುತ್ತದೆ. ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟು ಮೇಲೆಲ್ಲ ಲೇಪ ಹಚ್ಚಿ. ಹಣ್ಣು, ಕ್ರೀಂ ಇರುವುದರಿಂದ ಎರಡು ಮೂರು ದಿನದೊಳಗೆ ಮುಗಿಸಬೇಕು.

ಚೀಟಿಯ ಕೆಲಸ

ಮನೆಯಲ್ಲಿ ಮಾಡಿ ಮಾರುವ ಸಹೋದರಿಯರಿಗೆ ಎರಡು ಮಾತು. ಒಂದು, ಸಣ್ಣ ಪ್ರಮಾಣದಲ್ಲಿ ಮಾರಿದರೂ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ತಯಾರಕರಿಗೆ ಅದು ಕಷ್ಟದ್ದಲ್ಲ, ಆನ್‌ಲೈನಿನಲ್ಲೇ ಆಗುತ್ತದೆ. ಎರಡು, ಏನೇನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಬೀರೂರು ಜಂಕ್ಷನ್ನಿನಲ್ಲಿ ಒಂದು ಹಳಿ ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ತಿರುಗುತ್ತದೆ. ಕೇಕು ಯಾವ ಹಳಿ ಹಿಡಿದು ಯಾರ ಮನೆಗೆ ಹೋದರೂ ಅದರ ಜೊತೆ ನೀವು ಹೋಗಲಾಗುವುದಿಲ್ಲ. ಚೀಟಿ ಹೋಗುತ್ತದೆ.

ತಿನ್ನುವವರಿಗೆ, ಅದಕ್ಕಿಂತ ಹೆಚ್ಚಾಗಿ ನನ್ನಂತೆ ಹೇಳುವ ಸ್ಥಾನದಲ್ಲಿ ಕೂತವರಿಗೆ ಒಂದೇ ಮಾತು. ಹಲಾಲ್ ನೋಡಿ ತಿನ್ನುವುದು ನಮ್ಮ ಕರ್ತವ್ಯ, ಅದರಲ್ಲಿ ರಾಜಿ ಇಲ್ಲ. ಆದರೆ ನೋಡುವುದು ಎಂದರೆ ಕೇಳುವುದು, ಓದುವುದು. ಕೇಳದೆ ಬೇಡ ಎಂದರೆ ಅದು ಎಚ್ಚರಿಕೆ ಅಲ್ಲ. ಅದರಿಂದ ಒಬ್ಬರ ಮನೆಯ ಒಲೆ ಆರಬಹುದು.

ಮರುದಿನವೇ ತರಗತಿಯಲ್ಲಿ ಎಲ್ಲ ಮಕ್ಕಳ ಮುಂದೆ ನನ್ನ ತಪ್ಪು ಒಪ್ಪಿಕೊಂಡಿದ್ದೆ. ಮಕ್ಕಳ ಮನೆಗಳಿಗೂ ಹೇಳಿ ಕಳಿಸಿದ್ದೆ. ಹೋದ ಎರಡು ಆರ್ಡರಿನಲ್ಲಿ ಒಂದು ತಿರುಗಿ ಬಂತು, ಇನ್ನೊಂದು ಬರಲಿಲ್ಲ. ಅದರ ಲೆಕ್ಕ ನನ್ನ ಮೇಲೆಯೇ ಇದೆ.

ನಮ್ಮ ಮನೆಯಲ್ಲಿ ಎರಡನೇ ಸಲ ಮಾಡಿದ ಕೇಕು ಎರಡೂ ಟಿನ್ನಿನಲ್ಲಿ ಸರಿಯಾಗಿ ಉಬ್ಬಿತು. ಅದನ್ನು ನಾನೇ ಮದ್ರಸಕ್ಕೆ ಹೊತ್ತುಕೊಂಡು ಹೋದೆ. ಆ ಹುಡುಗಿಯನ್ನು ಕರೆದು, "ನಿನ್ನ ಖತಂನ ಚೀರ್ನಿ ಬಾಕಿ ಇದೆಯಲ್ಲ ಮಗಳೇ, ನೀನೇ ಹಂಚು" ಎಂದೆ. ಅವಳು ಮುಚ್ಚಳ ತೆಗೆದು ನೋಡಿ, ಹಂಚುವ ಮೊದಲು ನನ್ನನ್ನೇ ಕೇಳಿದಳು: "ಉಸ್ತಾದ್, ಇದರಲ್ಲಿ ಏನೇನು ಹಾಕಿದ್ದೀರಿ?"

ಮೈದಾದಿಂದ ಹಿಡಿದು ನಿಂಬೆಹಣ್ಣಿನವರೆಗೆ ಒಂದೂ ಬಿಡದೆ ಹೇಳಿದೆ. ಆಮೇಲೆ ಹಂಚಿದಳು.